ಕೆನ್ನೆಯೊಳಗಿನ ಬಾಳೆಹಣ್ಣು

ಕಾಡಿನ ಸಭೆಗೆ ಆರಿಸಿ ಬಂದ ಕೋತಿಗೆ ಅಳಿಲು ಆಪ್ತ ಸಹಾಯಕಿಯಾಗಿತ್ತು. ಸದಸ್ಯರಾಗಲಿ ಸಿಬ್ಬಂದಿಯಾಗಲಿ ಯಾರ ಉಡುಗೊರೆಯನ್ನೂ ತಿನ್ನಬಾರದೆಂಬ ನಿಯಮ ಅಲ್ಲಿತ್ತು. ಕಾಡಿನ ಒಂದೇ ಕೆರೆಯನ್ನು ತನ್ನ ಹೊರಳಾಟಕ್ಕೆಂದು ಬರೆಸಿಕೊಳ್ಳಲು ಹೊರಟಿದ್ದ ಕೋಣ, ಸಭೆಯ ದಿನ ಬೆಳಿಗ್ಗೆ ಎರಡು ಬಾಳೆಹಣ್ಣು ತಂದುಕೊಟ್ಟಿತು. ಕೋತಿ ಒಂದನ್ನು ಕೆನ್ನೆಗೆ ತುಂಬಿಕೊಂಡಿತು. ಕೋತಿಗಳ ಕೆನ್ನೆಯಲ್ಲಿ ಚೀಲವಿರುತ್ತದೆ, ಅದಕ್ಕೇ ಇದು ಸಾಧ್ಯವಾಯಿತು.

“ಇದು ತಪ್ಪಲ್ಲವೇ ಸಾಹೇಬರೇ?” ಎಂದಿತು ಅಳಿಲು.

“ನುಂಗಿದರೆ ತಾನೇ ತಿಂದಂತೆ, ಅಳಿಲಮ್ಮ? ಇದು ಬರೀ ಇಟ್ಟುಕೊಂಡದ್ದು. ಸಭೆಯಲ್ಲಿ ಕೋಣನ ವಿರುದ್ಧವೇ ಮಾತಾಡುತ್ತೇನೆ, ನೋಡುತ್ತಿರು,” ಎಂದು ಕೋತಿ ಎರಡನೆಯದನ್ನೂ ತುರುಕಿಕೊಂಡಿತು.

ಸಭಾಧ್ಯಕ್ಷ ಆಮೆ ಹೇಳಿತು: “ಕೋಣನಿಗೆ ಕೆರೆ ಕೊಡಬಾರದು ಎನ್ನುವವರು ಬಾಯಿಬಿಟ್ಟು ಹೇಳಿ. ಸುಮ್ಮನಿದ್ದವರು ಒಪ್ಪಿದಂತೆ.”

ಬಾಯಿಬಿಟ್ಟರೆ ಹಣ್ಣು ಎಲ್ಲರೆದುರು ಬೀಳುತ್ತಿತ್ತು. ಕೋತಿ ಸುಮ್ಮನಿತ್ತು. ಉಳಿದ ಸದಸ್ಯರ ಕೆನ್ನೆಗಳೂ ಉಬ್ಬಿದ್ದವು.

“ಅಳಿಲಮ್ಮ, ನಿಮ್ಮ ಸಾಹೇಬರ ಅಭಿಪ್ರಾಯವೇನು?” ಎಂದು ಆಮೆ ಕೇಳಿತು.

ಬೇಡವೆನ್ನಲು ಅಳಿಲಿಗೆ ತುಂಬ ಆಸೆಯಿತ್ತು. ಅದರ ಮರಿಗಳು ಕುಡಿಯುತ್ತಿದ್ದುದೂ ಆ ಕೆರೆಯ ನೀರನ್ನೇ. ಆದರೆ ಬೆಳಿಗ್ಗೆ ಸಭೆಗೆ ಹೊರಡುವಾಗ ಕೋಣ ಅದಕ್ಕೂ ಒಂದು ಕಡಲೆಕಾಯಿ ಕೊಟ್ಟಿತ್ತು. ಇಷ್ಟು ಚಿಕ್ಕದು ಉಡುಗೊರೆಯೇ ಅಲ್ಲವೆಂದು ಅಳಿಲು ಅದನ್ನು ಬಾಯಲ್ಲಿಟ್ಟುಕೊಂಡಿತ್ತು. ಈಗ ಅಳಿಲೂ ತುಟಿ ಬಿಚ್ಚಲಿಲ್ಲ.

ಕೋಣ ಕೆರೆಗಿಳಿಯಿತು. ಸಂಜೆ ಮರಿಗಳು ನೀರು ಕೇಳಿದಾಗ ಅಳಿಲು ಆ ಕಡಲೆಕಾಯಿಯನ್ನು ಅವುಗಳ ಮುಂದಿಟ್ಟಿತು.