ಬೇರೆ ಸಾಕ್ಷಿಯಿಲ್ಲದ ಶಾಸನ

ನೆಲ್ಲಿಬೀಡಿನ ದೊರೆ ದುಗ್ಗಭೂಪಾಲನಿಗೆ ತಾನು ಮನುಷ್ಯನಾಗಿ ಹುಟ್ಟಿದೆನೆಂದು ಬಹಳ ಹೆಮ್ಮೆ. ಹಾಗೆ ಹುಟ್ಟಿದ್ದರಲ್ಲಿ ಅವನ ಶ್ರಮವೇನೂ ಇರಲಿಲ್ಲ, ಆದರೂ ಹೆಮ್ಮೆ. ಒಂದು ಬೆಳಿಗ್ಗೆ ಅದೇ ಹೆಮ್ಮೆಯಲ್ಲಿ ತಲೆಯೆತ್ತಿಕೊಂಡು ಅರಮನೆಯ ಮೆಟ್ಟಿಲು ಇಳಿಯುವಾಗ ಅಲ್ಲಿ ಮಲಗಿದ್ದ ನಾಯಿಯನ್ನು ಎಡವಿ ದೊಪ್ಪನೆ ಬಿದ್ದ. ಕಿರೀಟ ಉರುಳಿಕೊಂಡು ಹೋಗಿ ಚರಂಡಿ ಸೇರಿತು. ನಾಯಿ ಒಂದು ಕಣ್ಣು ತೆರೆದು ನೋಡಿ, ಮಗ್ಗುಲು ಬದಲಿಸಿ ಮತ್ತೆ ಮಲಗಿತು.

ದೊರೆಗೆ ತಾನು ಬಿದ್ದದ್ದಕ್ಕಿಂತ ಅದು ಮತ್ತೆ ಮಲಗಿದ್ದಕ್ಕೇ ಹೆಚ್ಚು ನೋವಾಯಿತು.

ಸಭೆ ಸೇರಿಸಿ ಗುಡುಗಿದ: "ಈ ಭೂಮಿ ಯಾರದು? ಮನುಷ್ಯನದು! ಉಳಿದ ಪ್ರಾಣಿಗಳೆಲ್ಲ ನಮ್ಮ ಸೇವೆಗೆ ಹುಟ್ಟಿದವು. ಎತ್ತು ಉಳುತ್ತದೆ, ಇರಲಿ. ಹಸು ಹಾಲು ಕೊಡುತ್ತದೆ, ಇರಲಿ. ಕೆಲಸಕ್ಕೆ ಬಾರದ ನಾಯಿ, ಕಾಗೆ, ಅಳಿಲು, ಓತಿಕ್ಯಾತ, ಎಲ್ಲವೂ ನಾಳೆ ಸಂಜೆಯೊಳಗೆ ಊರು ಬಿಟ್ಟು ಕಾಡು ಸೇರಬೇಕು. ಭೂಮಿಯೆಲ್ಲ ಮನುಷ್ಯನ ಸ್ವತ್ತು ಅಂತ ಶಾಸನ ಬರೆಸಿ. ಮೊದಲು ಆ ನಾಯಿಯನ್ನು ಓಡಿಸಿ!"

ಶಾಸನ ಬರೆಯುವುದು ಆಸ್ಥಾನದ ಕರಣಿಕ ತಿಪ್ಪರಸನ ಕೆಲಸ. ಅವನು ಸಭೆ ಮುಗಿಸಿ ಹೊರಗೆ ಬಂದರೆ ಹೂ ಮಾರುವ ಹೊನ್ನಜ್ಜಿ ದಾರಿಗೆ ಅಡ್ಡ ನಿಂತಿದ್ದಳು.

"ಅಯ್ಯಾ, ಆ ನಾಯಿ ನಂದು. ಬೊಗ್ಗ ಅಂತ ಹೆಸರು. ಹೆಂಗಾದ್ರೂ ಮಾಡಿ ಉಳಿಸ್ಕೊಡಿ."

"ಏನಾದರೂ ಕೆಲಸ ಮಾಡುತ್ತದಾ ಅಜ್ಜಿ? ಮನೆ ಕಾಯುತ್ತದಾ?"

"ಕಳ್ಳ ಬಂದ್ರೆ ಬಾಲ ಅಲ್ಲಾಡಿಸ್ತದೆ."

"ಇಲಿಗಿಲಿ ಹಿಡಿಯುತ್ತದಾ?"

"ಇಲಿ ಕಂಡ್ರೆ ನನ್ ಹಿಂದೆ ಬಚ್ಚಿಟ್ಕೊತದೆ."

"ಮತ್ತೆ ಯಾಕಮ್ಮಾ ಸಾಕಿದ್ದೀ?"

"ನಾನು ಹೂ ಕಟ್ತಾ ಏನೇನೋ ಮಾತಾಡ್ತಿರ್ತೀನಿ. ಸೊಸೆ ಅರ್ಧಕ್ಕೇ ಎದ್ದೋಗ್ತಾಳೆ. ಗಿರಾಕಿಗಳು ಹೂ ತಗೊಂಡು ಓಡ್ತಾರೆ. ಪೂರ್ತಿ ಕೂತು ಕೇಳೋದು ಅದೊಂದೇ," ಎಂದು ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆಸ್ಥಾನದಲ್ಲಿ ತಿಪ್ಪರಸನ ಮಾತನ್ನೂ ಯಾರೂ ಪೂರ್ತಿ ಕೇಳುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಅವನು ದೊರೆಯ ಮುಂದೆ ಕೈಮುಗಿದು ನಿಂತ.

"ಪ್ರಭು, ಒಂದೇ ಒಂದು ಕಟ್ಟಳೆ ಬಾಕಿ. ನೆಲ ತನ್ನದು ಅನ್ನುವವನು ಆ ನೆಲದ ಮಣ್ಣಿನ ಹೆಂಟೆಯನ್ನು ತಲೆಯ ಮೇಲೆ ಹೊತ್ತು ಗಡಿ ಸುತ್ತಬೇಕು. ಹೆಂಟೆ ಬೀಳಬಾರದು, ನೆರೆಹೊರೆಯವರು ತಕರಾರು ತೆಗೆಯಬಾರದು. ಆಮೇಲೆಯೇ ಶಾಸನ. ತಮ್ಮ ತಾತನವರು ಮಾಡಿಟ್ಟದ್ದು. ಹೋದ ತಿಂಗಳು ಕೆಮ್ಮು ಬಂದು ಹೆಂಟೆ ಬೀಳಿಸಿದ ಗೌಡರ ಹೊಲವನ್ನು ತಾವೇ ಪಕ್ಕದವನಿಗೆ ಕೊಡಿಸಿದಿರಿ."

ದೊರೆ ತಲೆ ಕೆರೆದುಕೊಂಡ. "ಭೂಮಿಯ ಗಡಿಯನ್ನು ಎಲ್ಲಿ ಅಂತ ಸುತ್ತಲಿ ಮಾರಾಯ?"

"ಅಷ್ಟು ದೂರ ಯಾಕೆ ಪ್ರಭು? ಅರಮನೆಯ ತೋಟವನ್ನೇ ಭೂಮಿ ಅಂದುಕೊಳ್ಳೋಣ. ಒಂದು ಸುತ್ತು ಸಾಕು."

ತೋಟದ ಬೇಲಿಯ ಸುತ್ತ ಊರೇ ನೆರೆಯಿತು. ಒಳಗೆ ಮೂರು ಹೆಂಟೆ ಇಟ್ಟಿದ್ದರು. ಒಂದು ನಿಂಬೆಹಣ್ಣಿನಷ್ಟು, ಇನ್ನೊಂದು ತೆಂಗಿನಕಾಯಿಯಷ್ಟು. ಮೂರನೆಯದು ಮಾವಿನ ಮರದ ಬುಡದಿಂದ ಅಗೆದು ತಂದದ್ದು. ಕುಂಬಳಕಾಯಿ ಗಾತ್ರ, ಮೈತುಂಬ ಸಣ್ಣ ಸಣ್ಣ ತೂತು.

"ಚಿಕ್ಕದೇ ಸಾಕು ಪ್ರಭು, ದೊಡ್ಡದು ತಮ್ಮಿಂದ ಆಗಲಿಕ್ಕಿಲ್ಲ," ಎಂದು ತಿಪ್ಪರಸ ಬೇಲಿಯಾಚೆಗೂ ಕೇಳುವಂತೆ ಹೇಳಿದ.

"ಏನಂದೆ? ಸಕಲ ಜೀವಿಗಳ ಒಡೆಯ ನಿಂಬೆಹಣ್ಣು ಹೊರಬೇಕೇ? ಎತ್ತಿಡಿ ಆ ದೊಡ್ಡದನ್ನು!"

ಓಲಗ ಶುರುವಾಯಿತು. ಮೊದಲ ಹತ್ತು ಹೆಜ್ಜೆ ದೊರೆ ಗಂಭೀರವಾಗಿಯೇ ನಡೆದ. ಅಷ್ಟರಲ್ಲಿ ಹೆಂಟೆಯೊಳಗಿದ್ದ ಕೆಂಪಿರುವೆಗಳು ತಮ್ಮ ಮನೆ ಎಲ್ಲಿಗೆ ಹೊರಟಿದೆ ಎಂದು ನೋಡಲು ಹೊರಗೆ ಬಂದವು. ಕೆಲವು ಕಿವಿ ಹೊಕ್ಕವು, ಕೆಲವು ಕತ್ತಿನಿಂದ ಅಂಗಿಯೊಳಗೆ ಇಳಿದವು. ಎಲ್ಲಿಗೆ ಇಳಿದವೆಂದು ನಾನು ವಿವರವಾಗಿ ಹೇಳುವುದಿಲ್ಲ, ದೊರೆಯ ಮಾನದ ಪ್ರಶ್ನೆ.

ದೊರೆ ಒಂದು ಕಾಲೆತ್ತಿದ. ಇನ್ನೊಂದು ಕಾಲೆತ್ತಿದ. ಸೊಂಟ ಬಳುಕಿಸಿದ. ಪ್ರಭುಗಳಿಗೆ ಕುಣಿಯುವ ಉಮೇದು ಬಂದಿದೆಯೆಂದು ಓಲಗದವರು ತಾಳ ಜೋರು ಮಾಡಿದರು. ದಳವಾಯಿ ಮರ್ಯಾದೆಗೆ ತಾನೂ ನಾಲ್ಕು ಹೆಜ್ಜೆ ಕುಣಿದ.

"ಅಯ್ಯಯ್ಯೋ, ಸತ್ತೆ!" ಎಂದು ದೊರೆ ಹೆಂಟೆ ಎಸೆದು ಓಡಿಹೋಗಿ ಕೊಳಕ್ಕೆ ಹಾರಿದ. ಕಪ್ಪೆಗಳು ಪಕ್ಕಕ್ಕೆ ಸರಿದು ಜಾಗ ಕೊಟ್ಟವು.

ತಲೆಯೊಂದನ್ನೇ ನೀರಿನಿಂದ ಹೊರಗಿಟ್ಟು ದೊರೆ ಕೂಗಿದ: "ಇದು ರಾಜದ್ರೋಹ! ಆ ಇರುವೆಗಳನ್ನು ಸೆರೆಹಿಡಿಯಿರಿ!"

"ದ್ರೋಹವಲ್ಲ ಪ್ರಭು, ತಕರಾರು," ಎಂದ ತಿಪ್ಪರಸ ದಡದಲ್ಲಿ ಕುಕ್ಕರುಗಾಲಿನಲ್ಲಿ ಕೂತು. "ನೆರೆಯವರಲ್ಲವೇ ಅವರು? ಅರ್ಜಿ ಬರೆಯಲು ಬಾರದು, ತಮಗೆ ಬಂದ ರೀತಿಯಲ್ಲಿ ಹೇಳಿದರು. ಹೆಂಟೆಯೂ ಬಿತ್ತು, ತಕರಾರೂ ಬಂತು. ತಾತನವರ ಕಟ್ಟಳೆಯಂತೆ ಭೂಮಿ ಮನುಷ್ಯನಿಗೆ ಸಿಗಲಿಲ್ಲ. ತನ್ನದಲ್ಲದ ನೆಲದಿಂದ ಅವನು ಯಾರನ್ನು ಓಡಿಸುವುದು?"

ದೊರೆಗೆ ಹೊಲ ಕಳೆದುಕೊಂಡ ಗೌಡರ ಮುಖ ನೆನಪಾಯಿತು. ಅವರೂ ಬೇಲಿಯಾಚೆ ನಿಂತು ಇವನನ್ನೇ ನೋಡುತ್ತಿದ್ದರು.

"ಆಯಿತು. ಎಲ್ಲವೂ ಊರಲ್ಲೇ ಇರಲಿ. ಆ ನಾಯಿಯೂ ಇರಲಿ."

ಹೊನ್ನಜ್ಜಿ ಬೊಗ್ಗನನ್ನು ತಬ್ಬಿಕೊಂಡು ಜೋರಾಗಿ ಅತ್ತಳು. ಬೊಗ್ಗ ಆಕಳಿಸಿತು.

ದೊರೆ ದನಿ ತಗ್ಗಿಸಿದ. "ಆದರೆ ತಿಪ್ಪರಸ, ಆಳೆತ್ತರದ ಕಲ್ಲು ತರಿಸಿಯಾಗಿದೆ. ಊರಿಗೆಲ್ಲ ಡಂಗುರ ಹೊಡೆಸಿಯಾಗಿದೆ. ಮನುಷ್ಯ ದೊಡ್ಡವನು ಅಂತ ಒಂದು ಸಾಲಾದರೂ ಕೆತ್ತದಿದ್ದರೆ ನನ್ನ ಮುಖ ಎಲ್ಲಿಡಲಿ?"

"ಕೆತ್ತೋಣ ಪ್ರಭು. ನಡೆದದ್ದನ್ನೇ ಕೆತ್ತೋಣ, ಆಗ ಯಾರೂ ಸುಳ್ಳು ಅನ್ನುವ ಹಾಗಿಲ್ಲ."

"ಏನಂತ ಕೆತ್ತುತ್ತೀ?"

ತಿಪ್ಪರಸ ಗಂಟಲು ಸರಿಮಾಡಿಕೊಂಡು ಹೇಳಿದ:

"ಸಕಲ ಜೀವಿಗಳಲ್ಲಿ ಮನುಷ್ಯನೇ ದೊಡ್ಡವನು. ಹೀಗೆಂದು ಹೇಳಿದವನು ಮನುಷ್ಯ. ಸಾಕ್ಷಿ ಹಾಕಿದವನೂ ಮನುಷ್ಯ. ಬೇರೆಯವರನ್ನು ಕೇಳಿದ್ದಕ್ಕೆ ಕಚ್ಚಿದರು."