ಮೂಡ್ಲಗಿರಿ ಪ್ರೋಗ್ರಾಮು ಕೂರಿಸಿದ್ದು

ಹತ್ರ ಬನ್ನಿ. ಆ ಫೋನು ಜೇಬಿಗೆ ಹಾಕಿ. ನಗೋದಾದ್ರೆ ಜೋರಾಗಿ ನಗಿ, ಮಧ್ಯೆ ಬಾಯಿ ಮಾತ್ರ ಹಾಕಬೇಡಿ, ನನಗೆ ಆಗಿಬರಲ್ಲ.

ಹುಳಿಯಾರಲ್ಲಿ ಗಂಗಹನುಮಕ್ಕ ಅಂತ ಒಬ್ಬಳು. ಅವಳಿಗೊಬ್ಬನೇ ಮಗ, ಮೂಡ್ಲಗಿರಿ. ಇಪ್ಪತ್ತಮೂರು ವರ್ಷ, ಆರಡಿ ಆಳು, ಮನಸ್ಸು ಬೆಣ್ಣೆ. ತಲೆ ಮಾತ್ರ... ಹೋಗ್ಲಿ ಬಿಡಿ, ಪಾಪ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಒಂದು ಗುಲಗಂಜಿ ಹೆಚ್ಚಿಲ್ಲ, ಒಂದು ಗುಲಗಂಜಿ ಕಮ್ಮಿ ಇಲ್ಲ. "ಹಾಲು ಉಕ್ಕುತ್ತೇನೋ ನೋಡ್ಕೊಳೋ" ಅಂದ್ರೆ, ಉಕ್ಕಿ ಒಲೆ ಆರೋವರೆಗೂ ಕಣ್ಣು ಮಿಟುಕಿಸದೆ ನೋಡಿ, "ಉಕ್ತು ಅಮ್ಮಾ!" ಅನ್ನೋನು.

"ಶಿವನೇ, ಇವನ್ನ ಕೊಟ್ಟೆ, ಸರಿ. ಜೊತೆಗೆ ಚೂರು ಬುದ್ಧೀನೂ ಕೊಡಬಾರದಿತ್ತಾ?" ಅಂತ ಅವಳು ದಿನಾ ಗೋಡೆ ಹತ್ರ ಹೇಳ್ಕೊಳ್ಳೋಳು.

ಗಂಗಹನುಮಕ್ಕನ ಮನೇಲಿ ಒಂದು ಎಂಬ್ರಾಯ್ಡರಿ ಮೆಷಿನ್ನು. ಒಂಬತ್ತು ವರ್ಷ ಗಾರ್ಮೆಂಟ್ಸ್ ವ್ಯಾನು ಹತ್ತಿ, ಸೂಪರ್‌ವೈಸರ್ ಕೈಲಿ ಉಗಿಸಿಕೊಂಡು, ಸಾಕಪ್ಪಾ ಸಾಕು ಅಂತ ಬಿಟ್ಟು ಬಂದು ಹಾಕ್ಕೊಂಡ ಮೆಷಿನ್ನು. ಕಂಪ್ಯೂಟರಲ್ಲಿ ಚಿತ್ರ ಬರೆದುಕೊಟ್ರೆ ಅದು ಬಟ್ಟೆ ಮೇಲೆ ಹೊಲಿದುಕೊಡ್ತದೆ. ಆ ಚಿತ್ರ ಬರೆಯೋ ಪ್ರೋಗ್ರಾಮು ಒಂದು ಸೋಮವಾರ ಬೆಳಿಗ್ಗೆ 'ಅವಧಿ ಮುಗಿದಿದೆ' ಅಂತ ಮುಷ್ಕರ ಕೂತುಬಿಡ್ತು. ಯಾವಾಗ? ಕೆಂಕೆರೆ ಬ್ಯಾಂಡ್ ಸೆಟ್ಟಿನ ಪುಟ್ಟಮಾದಯ್ಯ ಮಾಸ್ಟ್ರು ಹದಿನಾರು ಕೆಂಪು ಕೋಟಿನ ಬೆನ್ನಿಗೆ ನವಿಲು ಹಾಕಿಕೊಡು ಅಂದಿರೋ ವಾರದಲ್ಲೇ! ಶುಕ್ರವಾರ ಮಧ್ಯಾಹ್ನ ಅವರಿಗೆ ಮದುವೆ ಮೆರವಣಿಗೆ.

"ಈ ಆರ್ಡರ್ ತಪ್ಪಿದ್ರೆ ಇನ್ಯಾರೂ ನಮ್ಮ ಬಾಗಿಲಿಗೆ ಬರಲ್ಲ ಕಣೋ. ನಾನು ಮತ್ತೆ ಆ ವ್ಯಾನು ಹತ್ತಬೇಕು" ಅಂದಳು ಗಂಗಹನುಮಕ್ಕ.

ಮೂಡ್ಲಗಿರಿ ಕಣ್ಣಲ್ಲಿ ನೀರು ಬಂತು. "ನೀನು ಹತ್ತಬೇಡ ಅಮ್ಮ. ನಾನಿಲ್ವಾ?"

"ನೀನಿದ್ದೀಯಲ್ಲ, ಅದೇ ನನ್ನ ಭಯ! ಹೋಗು, ಸದಾಶಿವಯ್ಯ ಮೇಷ್ಟ್ರನ್ನ ಕೇಳ್ಕೊಂಡು ಬಾ. ಏನೇ ಕೊಟ್ರೂ ಹುಷಾರಾಗಿ ತಾ. ಗಂಟು ಗಿಂಟು ಬಿಚ್ಚಬೇಡ!"

ಸದಾಶಿವಯ್ಯ ಅಂದ್ರೆ ಐಟಿಐನಲ್ಲಿ ಕಂಪ್ಯೂಟರ್ ಹೇಳಿಕೊಟ್ಟು ರಿಟೈರ್ ಆದೋರು. ಮೂಡ್ಲಗಿರಿಗೂ ಅವರೇ ಟೈಪು ಮಾಡೋದು ಕಲಿಸಿದ್ದು. ಅವರು ಹೇಳಿದ್ರು: "ಯಾರು ಬೇಕಾದ್ರೂ ತಗೊಂಡು ಬಳಸಬಹುದಾದ ಪ್ರೋಗ್ರಾಮು ಒಂದಿದೆ. ಆದ್ರೆ ನಿಮ್ಮ ಕಂಪ್ಯೂಟರು ಹಳೇದು, ರೆಡಿ ಇರೋದು ಒಗ್ಗಲ್ಲ. ಅದರ ಮೂಲ ಕೋಡನ್ನೇ ಗಂಟು ಕಟ್ಟಿ ಈ ಪೆನ್ ಡ್ರೈವಲ್ಲಿ ಹಾಕಿದ್ದೀನಿ. ಹೋಟ್ಲು ಇಡ್ಲಿ ಅಲ್ಲ ಕಣೋ ಇದು, ಅಕ್ಕಿ ಉದ್ದು. ಮನೇಲೇ ರುಬ್ಬಿ ಬೇಯಿಸ್ಕೋಬೇಕು."

"ರುಬ್ಬೋ ಕಲ್ಲು ಮನೇಲೇ ಇದೆ ಸಾರ್!"

"ಮುಚ್ಚೋ ಬಾಯಿ! ಹೇಗೆ ಮಾಡಬೇಕು ಅಂತ ಈ ಚೀಟೀಲಿ ಬರೆದಿದ್ದೀನಿ. ಇದರಲ್ಲಿರೋ ಸಾಲು ಟೈಪು ಮಾಡ್ತಾ ಹೋಗು, ಸಾಕು."

ತಂದ. ಕಂಪ್ಯೂಟರಿಗೆ ಚುಚ್ಚಿದ. ಎದುರಿಗೆ ಕೈ ಕಟ್ಟಿ ಕೂತ. ಬೆಳಿಗ್ಗೆ ಕೂತೋನು ಸಂಜೆಯಾದ್ರೂ ಕೂತೇ ಇದ್ದಾನೆ.

"ಏನಾಯ್ತೋ?"

"ಗಂಟು ಇದೆ ಅಮ್ಮ."

"ಬಿಚ್ಚೋ ಮತ್ತೆ!"

"ಬಿಚ್ಚಬೇಡ ಅಂದೋಳು ನೀನೇ!"

"ಅಯ್ಯೋ ನಿನ್ ಮನೆ ಕಾಯೋಗ! ಗಂಟು ಬಿಚ್ಚದೆ ಕೆಲಸ ಹೆಂಗೋ ಆಗುತ್ತೆ? ಇನ್ಮೇಲೆ ಗಂಟು ಕಂಡ ತಕ್ಷಣ ಬಿಚ್ಚು, ಒಳಗಿರೋದನ್ನೆಲ್ಲ ಹರಡಿ ಇಡು!"

"ಹೂಂ ಅಮ್ಮ."

ಕಂಪ್ಯೂಟರಿನ ಗಂಟು ಬಿಚ್ಚಿದ. ಮುನ್ನೂರು ಚಿಲ್ಲರೆ ಫೈಲು ಸಾಲಾಗಿ ಹರಡಿಕೊಂಡವು. ಸೋಮವಾರ ಹೋಯ್ತು.

ಮಂಗಳವಾರ ಗಂಗಹನುಮಕ್ಕ ದಾರದುಂಡೆ ತರೋಕೆ ಹೋಗಿದ್ದಾಗ ಬ್ಯಾಂಡಿನವರ ಬಟ್ಟೆ ಬಂತು. ಒಬ್ಬೊಬ್ಬರ ಕೋಟು, ಪ್ಯಾಂಟು, ಟೋಪಿ ಸೇರಿಸಿ ಒಂದೊಂದು ಗಂಟು. ಹದಿನಾರು ಗಂಟು, ಹದಿನಾರು ಹೆಸರಿನ ಚೀಟಿ. ಗಂಟು ಕಂಡ್ರೆ ನಮ್ಮೋನು ಬಿಡ್ತಾನಾ? ಬಿಚ್ಚಿದ, ಬಿಚ್ಚಿದ, ಬಿಚ್ಚಿದ! ಅಂಗಳದ ತುಂಬ ಹರಡಿದ. ಗಾಳಿ ಬೀಸ್ತು. ಚೀಟಿಗಳೆಲ್ಲ ಬಸ್‌ಸ್ಟ್ಯಾಂಡ್ ಕಡೆ ಹೊರಟವು. ಪಕ್ಕದ ಮನೆ ಕೋಳಿ ಒಂದು ಟೋಪಿ ಒಳಗೆ ಕೂತು ಮೊಟ್ಟೆ ಇಟ್ಟೇಬಿಡ್ತು.

ಗಂಗಹನುಮಕ್ಕ ಬಂದಳು, ನೋಡಿದಳು, ತಲೆ ತಲೆ ಚಚ್ಕೊಂಡಳು. ಇದು ತುತ್ತೂರಿಯೋನದ್ದು, ಇದು ಹೊಟ್ಟೆ ಇರೋ ಡೋಲಿನೋನದ್ದು ಅಂತ ಅಳತೆ ಮೇಲೆ ಜೋಡಿಸೋಕೆ ಸಂಜೆಯಾಯ್ತು.

"ಹಾಳಾದೋನೇ! ಇನ್ಮೇಲೆ ಯಾವುದಕ್ಕೂ ಕೈ ಇಡಬೇಡ! ಮೇಷ್ಟ್ರು ಬರೆದುಕೊಟ್ಟ ಸಾಲು ಹೊಡಿ. ಆಮೇಲೆ ಕೆಲಸ ನಡೀತಿರೋವಾಗ ಕೈ ಕಟ್ಕೊಂಡು ಸುಮ್ಮನೆ ನೋಡು, ಅಷ್ಟೇ!"

"ಹೂಂ ಅಮ್ಮ."

ಬುಧವಾರ ಬೆಳಿಗ್ಗೆ ಮೊದಲನೇ ಸಾಲು ಹೊಡೆದ. ಕಂಪ್ಯೂಟರು ನನಗೆ ಇನ್ನೊಂದು ಸಾಮಾನು, ಅಂದ್ರೆ ಇನ್ನೊಂದು ಪುಟ್ಟ ಪ್ರೋಗ್ರಾಮು ಬೇಕು ಅಂತು. ಸೈಕಲ್ ತುಳಿದು ಮೇಷ್ಟ್ರ ಹತ್ರ ಹೋಗಿ ತಂದ. ಆ ಸಾಮಾನು ಕೂರಬೇಕಾದ್ರೆ ಮತ್ತೊಂದು ಬೇಕು ಅಂತು. ಮತ್ತೆ ತುಳಿದ. ಆ ಮತ್ತೊಂದಕ್ಕೆ ಮಗದೊಂದು! ಬೇರೆ ಯಾರಾದ್ರೂ ಆಗಿದ್ರೆ ಕಂಪ್ಯೂಟರನ್ನ ಕೆರೆಗೆ ಎಸೀತಿದ್ರು. ನಮ್ಮೋನಿಗೆ ಬೇಜಾರೇ ಇಲ್ಲ. ಅದೂ ಹೇಳಿದ್ದಷ್ಟೇ ಮಾಡೋದು, ಇವನೂ ಹೇಳಿದ್ದಷ್ಟೇ ಮಾಡೋದು, ಇಬ್ಬರಿಗೂ ಚೆನ್ನಾಗಿ ಹೊಂದ್ಕೊಂಡಿತ್ತು.

ಕೊನೆಗೆ ಎಲ್ಲ ಕೂಡಿ ಬಂತು. ಪರದೆ ಮೇಲೆ ಅಕ್ಷರ ಸರಸರ ಓಡಿದವು. ಓಡಿ ಓಡಿ ಒಂದು ಕಡೆ ನಿಂತು ಕೇಳಿದವು: 'ಮುಂದುವರಿಯಲೇ? ಹೌದು, ಇಲ್ಲ.'

ಮೂಡ್ಲಗಿರಿ ಕೈ ಕಟ್ಟಿ ನೋಡಿದ. ಅದು ಕೇಳ್ತಾ ಇದೆ, ಇವನು ನೋಡ್ತಾ ಇದ್ದಾನೆ. ಹನ್ನೊಂದು ಗಂಟೆ. ಒಂದು ಗಂಟೆ. ನಾಲ್ಕು ಗಂಟೆ.

"ಆಯ್ತೇನೋ?"

"ಏನೋ ಕೇಳ್ತಿದೆ ಅಮ್ಮ, ಬೆಳಿಗ್ಗೆಯಿಂದ."

"ಕೇಳಿದ್ರೆ ಹೌದು ಅನ್ನಬಾರದೇನೋ ಪರದೇಸಿ! ಅರ್ಧ ದಿನ ನುಂಗಿದೆಯಲ್ಲೋ! ಇನ್ಮೇಲೆ ಕೇಳಿದ್ದಕ್ಕೆಲ್ಲ ಹೌದು ಅನ್ನು!"

ಹೌದು ಒತ್ತಿದ. ಮತ್ತೆ ಓಡ್ತು. ಅಷ್ಟರಲ್ಲಿ ಫೋನು ಬಡೀತು. ಗಂಗಹನುಮಕ್ಕ ಅಡುಗೆಮನೇಲಿ ಮುದ್ದೆ ತೊಳಸ್ತಿದ್ದಳು. ಇವನೇ ಎತ್ತಿದ.

"ನಾನಯ್ಯ, ಪುಟ್ಟಮಾದಯ್ಯ. ಕೋಟು ಇನ್ನೂ ಆಗಿಲ್ವಾ?"

"ಹೌದು!"

"ಆಂ? ನಿಮ್ಮಮ್ಮನ ಕೈಲಿ ಆಗಲ್ವಾ?"

"ಹೌದು!"

"ಹಂಗಾದ್ರೆ ತಿಪಟೂರಿನೋರಿಗೆ ಕೊಟ್ಟುಬಿಡ್ಲಾ?"

"ಹೌದು, ಹೌದು!"

ಗಂಗಹನುಮಕ್ಕ ಮುದ್ದೆ ಕೋಲು ಹಿಡಿದೇ ಓಡಿ ಬಂದು ಫೋನು ಕಿತ್ಕೊಂಡಳು. "ಅಣ್ಣಾ, ಕಾಲಿಗೆ ಬೀಳ್ತೀನಿ, ಅವನ ಮಾತು ಹಿಡೀಬೇಡಿ!" ಅಂತ ಅಂಗಲಾಚಿದಳು. ಶುಕ್ರವಾರ ಹನ್ನೆರಡು ಹೊಡೆಯೋದ್ರೊಳಗೆ ಕೋಟು ಬರದಿದ್ರೆ ಇನ್ನು ನನ್ನ ಹೆಸರೆತ್ತಬೇಡ ಅಂದು ಮಾಸ್ಟ್ರು ಇಟ್ಟರು. ಗಂಗಹನುಮಕ್ಕ ನೆಲದ ಮೇಲೆ ಕೂತು ಅತ್ತುಬಿಟ್ಟಳು. ಅವಳು ಅತ್ತಿದ್ದು ನೋಡಿ ಇವನೂ ಅತ್ತ.

"ಹೌದು ಅನ್ನೋಕೆ ಮುಂಚೆ ಎದುರಿಗೆ ಏನಿದೆ ಅಂತ ನೋಡಬಾರದೇನೋ? ಇನ್ಮೇಲೆ ಒಂದಕ್ಷರ ಬಿಡದೆ ಪೂರ್ತಿ ಓದು. ಅಲ್ಲಿ ಹೆಂಗೆ ಬರೆದಿದೆಯೋ ಹಂಗೇ ನಡ್ಕೋ!"

"ಹೂಂ ಅಮ್ಮ."

ಅಷ್ಟು ಹೊತ್ತಿಗೆ ಪ್ರೋಗ್ರಾಮು ಬೆಂದಿತ್ತು. ಕಂಪ್ಯೂಟರಲ್ಲಿ ಕೂರೋ ಮುಂಚೆ ಅದು ತನ್ನ ನಿಯಮ ತೋರಿಸ್ತು. ಮೇಷ್ಟ್ರೇ ಕನ್ನಡಕ್ಕೆ ಮಾಡಿಟ್ಟಿದ್ದ ನಿಯಮ. ನಾವೆಲ್ಲ ಅದನ್ನ ಓದ್ತೀವಾ? ಮೂಡ್ಲಗಿರಿ ಓದಿದ! ಜೋರಾಗಿ ಓದಿದ:

"ಇದನ್ನು ಯಾರಿಗೆ ಕೊಟ್ಟರೂ, ಇದನ್ನು ಮಾಡಲು ಬೇಕಾದ ಸಮಸ್ತವನ್ನೂ ಜೊತೆಗೇ ಕೊಡತಕ್ಕದ್ದು. ಪಡೆದವರು ತಾವೇ ಮಾಡಿಕೊಳ್ಳುವಂತಿರಬೇಕು. ಒಮ್ಮೆ ಕೊಟ್ಟದ್ದನ್ನು ಹಿಂದಕ್ಕೆ ಪಡೆಯತಕ್ಕದ್ದಲ್ಲ." ಓದಿ ಮುಗಿಸಿ ಕೂಗಿದ: "ಕೇಳಿಸ್ತಾ ಅಮ್ಮ?"

"ಕೇಳಿಸ್ತು, ಕೇಳಿಸ್ತು. ಹಂಗೇ ಮಾಡು" ಅಂದಳು ಮುದ್ದೆ ಕಟ್ಟುತ್ತಾ.

ಕೂತೇಬಿಡ್ತು ಕಣ್ರೀ ಪ್ರೋಗ್ರಾಮು! ಗುರುವಾರ ಕೋಳಿ ಕೂಗೋ ಹೊತ್ತಿಗೆ ಮೆಷಿನ್ನು ಟಕಟಕ ಶುರುವಾಗಿದ್ದು ನಿಲ್ಲಲೇ ಇಲ್ಲ. ಹದಿನಾರು ಕೋಟು, ಹದಿನಾರು ನವಿಲು. ನೋಡಿದ್ರೆ ಕುಣಿಯೋ ಹಾಗಿದ್ದವು.

"ಮಗನೇ, ನೀನೇ ಉಳಿಸಿದೆ ಕಣೋ" ಅಂತ ಅವಳು ನೆಟಿಗೆ ಮುರಿದಳು. "ನಾಳೆ ಬೆಳಿಗ್ಗೆ ಲಗೇಜು ಆಟೋ ಬರುತ್ತೆ. ಕೋಟು ಕೆಂಕೆರೆಗೆ ಕೊಟ್ಟು ಬಾ."

ಅಷ್ಟೇ ಅಂದಿದ್ದು!

ಶುಕ್ರವಾರ ಅವಳು ಮೆಷಿನ್ನಿಗೆ ಅಂತ ಒಂದು ಮೊಳ ಹೂವು ತಗೊಂಡು ಬಂದ್ರೆ, ಮೆಷಿನ್ ಇದ್ದ ಜಾಗ ಬಟಾಬಯಲು! ಬಾಗಿಲಲ್ಲಿ ಆಟೋ. ಆಟೋದಲ್ಲಿ ಕೋಟು. ಕೋಟಿನ ಪಕ್ಕ ಮೆಷಿನ್ನು, ಕಂಪ್ಯೂಟರು, ದಾರದುಂಡೆ, ಕತ್ತರಿ, ಅವಳು ಕೂತ್ಕೊಳ್ಳೋ ಸ್ಟೂಲು.

"ಇಳಿಸೋ! ಇಳಿಸೋ ನನ್ನ ಮೆಷಿನ್ನು!" ಅಂತ ಕಿರುಚ್ತಾ ಆಟೋ ಮೇಲೇ ಹತ್ತಿಬಿಟ್ಟಳು.

"ಹಾಂ! ನಿನ್ನನ್ನೇ ಹುಡುಕ್ತಿದ್ದೆ ಅಮ್ಮ. ಈಗ ಸಮಸ್ತವೂ ಆಯ್ತು. ರೈಟ್!"

ಕೆಂಕೆರೇಲಿ ಹದಿನಾರು ಜನ ಬನಿಯನ್ನಲ್ಲಿ ಕಾಯ್ತಾ ನಿಂತಿದ್ರು. ಹನ್ನೆರಡಕ್ಕೆ ಇನ್ನು ಹತ್ತೇ ನಿಮಿಷ. ಮೂಡ್ಲಗಿರಿ ಕೋಟು ಕೊಟ್ಟ. ಮೆಷಿನ್ನು ಇಳಿಸಿದ. ಸ್ಟೂಲು ಹಾಕಿದ. ಅಮ್ಮನ್ನ ಎತ್ತಿ ಸ್ಟೂಲಿನ ಮೇಲೆ ಕೂರಿಸಿದ.

"ಇದೆಲ್ಲ ಯಾಕಯ್ಯ?" ಅಂದ್ರು ಪುಟ್ಟಮಾದಯ್ಯ.

"ಇನ್ಮೇಲೆ ನೀವೇ ಮಾಡ್ಕೋಬಹುದು ಮಾಸ್ಟ್ರೇ!"

"ನಿಮ್ಮಮ್ಮನ್ನ ವಾಪಸ್ ಕರ್ಕೊಂಡು ಹೋಗಯ್ಯ!"

"ಕೊಟ್ಟದ್ದನ್ನ ಹಿಂದಕ್ಕೆ ತಗೊಳ್ಳೋ ಹಾಗಿಲ್ಲ, ಬರೆದಿದೆ" ಅಂದು ಕೈ ಮುಗಿದು, ಖಾಲಿ ಆಟೋ ಹತ್ತಿ ಹೊರಟೇಬಿಟ್ಟ.

ಪುಟ್ಟಮಾದಯ್ಯ ಕೋಟು ಬಿಡಿಸಿ ನವಿಲು ನೋಡಿದ್ರು. ಗಂಗಹನುಮಕ್ಕನ ಮುಖ ನೋಡಿದ್ರು. ಹೊಟ್ಟೆ ಹಿಡ್ಕೊಂಡು ನಕ್ಕರು. "ಮುಂದಿನ ವರ್ಷವೂ ನೀನೇ ಕಣಮ್ಮ. ಟೋಪಿಗೂ ಒಂದೊಂದು ನವಿಲು ಹಾಕು. ಬಾ, ಮೆರವಣಿಗೆ ಹುಳಿಯಾರಲ್ಲೇ, ನಮ್ಮ ವ್ಯಾನು ಅಲ್ಲಿಗೇ ಹೋಗೋದು, ಮೆಷಿನ್ನು ಅದರಲ್ಲೇ ಇಡು." ಅವಳಿಗೆ ಅಳಬೇಕೋ ನಗಬೇಕೋ ತಿಳೀಲಿಲ್ಲ. ಗಾರ್ಮೆಂಟ್ಸಿನ ಕಾಟ ತಪ್ತಲ್ಲ ಅಂತ ನಕ್ಕಳು.

ಬ್ಯಾಂಡು ಬಾರಿಸ್ಕೊಂಡೇ ಬಂದು ಅವಳನ್ನೂ ಮೆಷಿನ್ನನ್ನೂ ಮನೆ ಮುಂದೆ ಇಳಿಸಿದ್ರು. ಮೂಡ್ಲಗಿರಿ ಬಾಗಿಲು ಅರ್ಧ ತೆಗೆದು ತಲೆ ಹಾಕಿದ.

"ಅಮ್ಮ ಮನೇಲಿಲ್ಲ. ಬ್ಯಾಂಡಿನವರಿಗೆ ಕೊಟ್ಟುಬಿಟ್ಟೆ."

ಗಂಗಹನುಮಕ್ಕ ಸೊಂಟದ ಮೇಲೆ ಕೈ ಇಟ್ಟಳು. "ಎಲ್ಲಾ ಕೊಟ್ಟೆಯಪ್ಪ, ಜಾಣ! ಆ ಪ್ರೋಗ್ರಾಮು ಕೂರಿಸಿದೋನ್ನ ಯಾರೋ ಕೊಡ್ತಾರೆ?"

ಮೂಡ್ಲಗಿರಿ ನಿಂತ. ಯೋಚನೆ ಮಾಡಿದ. ಹಣೆ ಹಣೆ ಬಡ್ಕೊಂಡ.

"ಅಯ್ಯಯ್ಯೋ, ಹೌದಲ್ಲಾ!"

ಚಪ್ಪಲಿ ಮೆಟ್ಟೋಕೂ ನಿಲ್ಲದೆ ಅವಳನ್ನ ದಾಟಿ ಓಡಿ, ಹೊರಟಿದ್ದ ವ್ಯಾನು ಹತ್ತಿ, ಡೋಲಿನ ಪಕ್ಕ ಕೂತುಬಿಟ್ಟ. ಕಿಟಕಿಯಿಂದ ಕೈ ಬೀಸ್ತಾ ಕೂಗಿದ: "ನೀನು ವ್ಯಾನು ಹತ್ತಬೇಡ ಅಂತ ನಾನು ಅವತ್ತೇ ಅಂದಿರಲಿಲ್ವಾ ಅಮ್ಮ? ನಾನೇ ಹತ್ತಿದ್ದೀನಿ!"

ಅವನು ವ್ಯಾನಲ್ಲಿ, ಅವಳು ಮೆಷಿನ್ ಮುಂದೆ, ನೀವು ನಾನು ಇಲ್ಲಿ. ಏಳಿ, ಮುದ್ದೆ ಆರಿಹೋಗ್ತದೆ.