ಮರಿಗೆಯಲ್ಲಿ ಮಿಂಚಿದ್ದು

"ಗುರುಗಳೇ, ಊರಿನವರೆಲ್ಲ ನನ್ನ ಪ್ರವಚನ ಮೆಚ್ಚುತ್ತಾರೆ. ನೀವು ಮಾತ್ರ ಮೂರು ವರ್ಷದಲ್ಲಿ ಒಂದು ಒಳ್ಳೆಯ ಮಾತು ಆಡಲಿಲ್ಲ. ದೊಡ್ಡ ಸಭೆ ಸೇರಿದ ದಿನವೇ ನನ್ನನ್ನು ದನದ ಕೊಟ್ಟಿಗೆಗೆ ಕಳಿಸುತ್ತೀರಿ. ಯಾಕೆ?"

ಕೇಳಿದವನು ಶಿಷ್ಯ ನಾಗಲಿಂಗ. ದೊಡ್ಡ ಮಠವೊಂದು ಅವನನ್ನು ಕರೆದಿತ್ತು. ಬಟ್ಟೆಯ ಗಂಟು ಕಟ್ಟಿಕೊಂಡೇ ಬಂದಿದ್ದ. ಸರಿಯಾದ ಉತ್ತರ ಸಿಗದಿದ್ದರೆ ಹೊರಟುಬಿಡುವುದೆಂದು ಮನಸ್ಸು ಗಟ್ಟಿ ಮಾಡಿದ್ದ. ನೋವೂ ಇತ್ತು, ಸಿಟ್ಟೂ ಇತ್ತು.

ಗುರುಗಳು ಕೂರುವಂತೆ ಕೈಸನ್ನೆ ಮಾಡಿ ಹೇಳತೊಡಗಿದರು.

ಹೊಳೆಯ ಮರಳು ತೊಳೆದು ಚಿನ್ನದ ಕಣ ಆಯುವ ಒಬ್ಬ ಮುದುಕಿಯಿದ್ದಳು. ಅವಳ ಬಳಿ ಒಬ್ಬ ವಿಧವೆ ಕೆಲಸ ಕಲಿಯಲು ಬಂದಳು. ಅಣ್ಣನ ಮನೆಯ ಹಂಗಿನ ಕೂಳು ತಿಂದು ಅವಳಿಗೆ ಸಾಕಾಗಿತ್ತು. ಈ ಕೆಲಸ ಕೈಗೆ ಹತ್ತದಿದ್ದರೆ ಮತ್ತೆ ಅಲ್ಲಿಗೇ ಹೋಗಬೇಕು. ಸತ್ತರೂ ಹೋಗುವುದಿಲ್ಲವೆಂದು ಹಟ ಹಿಡಿದಳು.

ಮರದ ಮರಿಗೆಯಲ್ಲಿ ಮರಳು ತೊಳೆದಳು. ಬಿಸಿಲಿಗೆ ಹಿಡಿದು, ಹೊಳೆದ ಕಣಗಳನ್ನೆಲ್ಲ ಆರಿಸಿ ಅಕ್ಕಸಾಲಿಗನಲ್ಲಿಗೆ ಒಯ್ದಳು. ಸಿಕ್ಕಿದ್ದು ಚಿನ್ನವೇ ಎಂದು ಹಿಗ್ಗಿದ್ದಳು, ಪಾಪ. ಅಕ್ಕಸಾಲಿಗ ಒಮ್ಮೆ ಊದಿದ. ಎಲ್ಲ ಹಾರಿಹೋಯಿತು. ಅದು ಬರೀ ಕಾಗೆಬಂಗಾರ, ಪದರು ಪದರಾದ ಕಲ್ಲಿನ ಚೂರು. ಎಂಟು ದಿನ ಬಿಟ್ಟು ಹೋದಾಗಲೂ ಅಷ್ಟೇ ಆಯಿತು. ಅಂಗಡಿಯಲ್ಲಿದ್ದವರು ನಕ್ಕರು. ಅವಳು ಅಳಲಿಲ್ಲ. ನೆಟ್ಟಗೆ ಹೊಳೆಗೆ ಬಂದು ಮತ್ತೆ ಮರಿಗೆ ಹಿಡಿದಳು.

ಆಗ ಮುದುಕಿ ಬಂದು ಅವಳಿಗೂ ಸೂರ್ಯನಿಗೂ ನಡುವೆ ನಿಂತುಕೊಂಡಳು. ವಿಧವೆಗೆ ರೇಗಿತು.

"ಆಯಿ, ಬಿಸಲಿಗೆ ಅಡ್ಡ ನಿಂತೀಯಲ್ಲ, ತುಸು ಆಚೆ ಸರಿ. ನನಗ ಏನೂ ಕಾಣವಲ್ದು."

"ಬಿಸಲಾಗ ಹಿಡದ್ರ ಕಾಗೆಬಂಗಾರ ಕಣ್ಣು ಕುಕ್ಕತೈತಿ, ಹಸಿ ಕಲ್ಲೂ ಮಿಂಚತೈತಿ. ನಾ ಸರಿಯೂದಿಲ್ಲ. ಈಗ ಮರಿಗಿ ವಾಲಿಸಿ ನೋಡು."

ಅವಳು ಮರಿಗೆಯನ್ನು ಅತ್ತಿತ್ತ ವಾಲಿಸಿದಳು. ಇಷ್ಟು ಹೊತ್ತು ಮಿಂಚಿದ್ದೆಲ್ಲ ಮಂಕಾಗಿ ಮರಳಿನ ಜೊತೆ ಮರಳಾಗಿತ್ತು. ತಳದಲ್ಲಿ ಎಳ್ಳಿಗಿಂತ ಸಣ್ಣದೊಂದು ಕಣ ಮಾತ್ರ, ಯಾವ ಕಡೆ ವಾಲಿಸಿದರೂ, ಹಳದಿಯಾಗಿ ಹೊಳೆಯುತ್ತಲೇ ಇತ್ತು. ಅದನ್ನೇ ಒಯ್ದು ಕೊಟ್ಟಳು. ಅಕ್ಕಸಾಲಿಗ ಊದಿದ. ಕಣ ಅಲ್ಲಾಡಲಿಲ್ಲ. ಅವಳು ಅಣ್ಣನ ಮನೆಗೆ ಮತ್ತೆ ಹೋಗಲಿಲ್ಲ.

ಗುರುಗಳು ಇಷ್ಟಕ್ಕೆ ಕತೆ ಮುಗಿಸಿದರು. ನಾಗಲಿಂಗ ಎದ್ದು ಗಂಟನ್ನು ಹೆಗಲಿಗೇರಿಸಿದ.

"ಇದು ಚಿನ್ನ ಆಯುವವರ ಕತೆಯಾಯಿತು. ನಾನು ಕೇಳಿದ್ದಕ್ಕೆ ಉತ್ತರವೇನು ಗುರುಗಳೇ?"

"ಮೂರು ವರ್ಷದಿಂದ ನಿನ್ನ ಮೇಲೆ ಬಿದ್ದಿರುವುದು ನನ್ನ ನೆರಳು, ನಾಗಲಿಂಗ" ಎಂದರು ಗುರುಗಳು.